ಉಜ್ಜಬಾರದ ನೀಲಿ

ಬೆಳಗಿನ ಐದೂವರೆ. ನಾಲ್ಕು ಮಹಡಿಯ ಹಳೆಯ ಕಚೇರಿ ಕಟ್ಟಡದ ಮುಂಬಾಗಿಲಲ್ಲಿ ಒಬ್ಬರು ಮಂಡಿಯೂರಿ ಕೂತು ಹಿತ್ತಾಳೆಯ ಹಿಡಿಕೆಗೆ ಉಸಿರು ಊದುತ್ತಿದ್ದಾರೆ. ಮಬ್ಬಾದ ಹಿತ್ತಾಳೆಯ ಮೇಲೆ ಬಟ್ಟೆ ಆಡುತ್ತದೆ, ನಿಲ್ಲುತ್ತದೆ, ಮತ್ತೆ ಆಡುತ್ತದೆ. ಕೊನೆಗೆ ಬಲಗೈ ಹೆಬ್ಬೆರಳನ್ನು ಹಿಡಿಕೆಯ ಉದ್ದಕ್ಕೂ ಒಮ್ಮೆ ಎಳೆಯುತ್ತಾರೆ. ಬೆರಳು ಎಲ್ಲೂ ತಡೆಯದೆ ಜಾರಿದರೆ ಆ ಹಿಡಿಕೆ ಪಾಸು. ಎಲ್ಲಾದರೂ ತಡೆದರೆ ಮತ್ತೆ ಮೊದಲಿಂದ.

"ಕಣ್ಣನ್ನ ನಂಬೋಕಾಗಲ್ಲ. ದೀಪ ಚೆನ್ನಾಗಿದ್ರೆ ಕೊಳೆ ಕೂಡ ಹೊಳೆಯುತ್ತೆ. ಹೆಬ್ಬೆಟ್ಟು ಮಾತ್ರ ಮೋಸ ಮಾಡಲ್ಲ," ಎನ್ನುತ್ತಾ ಅವರು ಮುಂದಿನ ಹಿಡಿಕೆಗೆ ಸರಿಯುತ್ತಾರೆ. ಕಟ್ಟಡದವರೆಲ್ಲ ಇವರನ್ನು ಕರೆಯುವುದು ಹೊಳಪಣ್ಣ ಎಂದು. ಸಂಬಳದ ಪಟ್ಟಿಯಲ್ಲಿ ಬೇರೆ ಹೆಸರಿದೆ, ಅದನ್ನು ಹಿಡಿದು ಕೂಗಿದರೆ ಅವರೇ ಹಿಂದೆ ತಿರುಗಿ ಬೇರೆ ಯಾರಿರಬಹುದೆಂದು ನೋಡುತ್ತಾರೆ.

ಕಟ್ಟಡದಲ್ಲಿ ಇನ್ನೂರ ಹನ್ನೆರಡು ಹಿತ್ತಾಳೆ ಹಿಡಿಕೆಗಳಿವೆ. ದಿನಕ್ಕೆ ಐವತ್ತಮೂರರಂತೆ ನಾಲ್ಕು ದಿನಕ್ಕೊಂದು ಸುತ್ತು. ಮೂರು ಲಿಫ್ಟ್ ಬಾಗಿಲು, ಮೆಟ್ಟಿಲ ಕಂಬಿ ಮತ್ತು ಅಂಚೆಪೆಟ್ಟಿಗೆಗೆ ಮಾತ್ರ ರಜೆಯಿಲ್ಲ, ಅವು ನಿತ್ಯದ ಪಾಲು. ಒಂಬತ್ತಕ್ಕೆ ಜನ ನುಗ್ಗಿದರೆಂದರೆ ನೂರಾರು ಕೈಗಳು ಸೇರಿ ಮಧ್ಯಾಹ್ನದ ಹೊತ್ತಿಗೆ ಎಲ್ಲವನ್ನೂ ಮಂಕು ಮಾಡಿಬಿಡುತ್ತವೆ. ಬೇಸರವಾಗುವುದಿಲ್ಲವೇ ಎಂದರೆ ಹೊಳಪಣ್ಣ ನಗುತ್ತಾರೆ: "ಅವರು ಮುಟ್ಟದೇ ಇದ್ರೆ ನಂಗೆಲ್ಲಿ ಕೆಲಸ ಇರುತ್ತೆ?"

ಹದಿನಾರನೇ ವಯಸ್ಸಿಗೆ ನಲ್ಲಿ ತಯಾರಿಸುವ ಕಾರ್ಖಾನೆಯಲ್ಲಿ ತಿರುಗುವ ಪಾಲಿಶ್ ಚಕ್ರದ ಮುಂದೆ ನಿಂತವರು ಇವರು. ಹದಿನಾಲ್ಕು ವರ್ಷ ಲೋಹದ ಧೂಳು ಕುಡಿದದ್ದಕ್ಕೆ ಕೆಮ್ಮು ಗಂಟುಬಿತ್ತು. ಚಕ್ರದ ತಂಟೆಗೆ ಇನ್ನು ಹೋಗಬೇಡ ಎಂದು ವೈದ್ಯರು ಖಡಾಖಂಡಿತವಾಗಿ ಹೇಳಿದ ಮೇಲೆ ಇಲ್ಲಿಗೆ ಬಂದರು. ಬಂದು ಈಗ ಇಪ್ಪತ್ತೇಳು ವರ್ಷವಾಯಿತು. ಉಗುರಿನ ಸಂದಿಯ ಕಪ್ಪು ಯಾವ ಸೋಪಿಗೂ ಜಗ್ಗುವುದಿಲ್ಲ. ಚಳಿಯ ಬೆಳಗುಗಳಲ್ಲಿ ಮಣಿಕಟ್ಟು ಹಟ ಹಿಡಿಯುತ್ತದೆ, ಆಗ ಎಡಗೈಯಿಂದ ಬಲಗೈಯನ್ನು ಹಿಡಿದು ಅಲ್ಲಾಡಿಸಿ, "ಏಳಪ್ಪಾ ಮಹರಾಯ" ಎಂದು ರಮಿಸಿ ಎಬ್ಬಿಸಬೇಕು.

ಹೀಗೆ ದಿನವಿಡೀ ಲೋಹ ಉಜ್ಜುವ ಮನುಷ್ಯನಿಗೆ ಮನೆಯಲ್ಲಿ ಇನ್ನೊಂದು ಹುಚ್ಚಿದೆ. ಉಜ್ಜಲೇಬಾರದ ಲೋಹದ ಹುಚ್ಚು!

ಮೂರನೇ ಮಹಡಿಯಲ್ಲಿ ನಾಣ್ಯಗಳ ಅಂಗಡಿಯಿದೆ. ಅದರ ಒಡತಿಯನ್ನು ಹೊಳಪಣ್ಣ ನಾಣ್ಯದಮ್ಮ ಎನ್ನುತ್ತಾರೆ. ಇಪ್ಪತ್ತೊಂದು ವರ್ಷದ ಹಿಂದೆ ಆಕೆ ಒಂದು ಸ್ಮರಣಾರ್ಥ ನಾಣ್ಯ ತೋರಿಸಿದರು. ಸುತ್ತ ಬೆಳ್ಳಿಯ ಬಳೆ, ನಡುವೆ ಎಳೆ ಚಿಗುರಿನ ಹಸಿರು. ಯಾವ ಬಣ್ಣ ಬಳಿದಿದ್ದೀರಿ ಎಂದು ಇವರು ಕೇಳಿದರು. ಬಳಿದದ್ದಲ್ಲ, ಬೆಳೆಸಿದ್ದು ಎಂದರು ಆಕೆ. ನಡುವಿನ ಲೋಹ ನಯೋಬಿಯಂ. ಅದನ್ನು ದ್ರಾವಣದಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದರೆ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಬೆಳೆಯುತ್ತದೆ. ಪೊರೆ ಎಷ್ಟು ದಪ್ಪವೋ ಅದಕ್ಕೆ ತಕ್ಕ ಬಣ್ಣ: ನೀಲಿ, ನೇರಳೆ, ಹೊನ್ನು, ಹಸಿರು.

"ಆಮೇಲೆ ಅಮ್ಮ ಒಂದ್ಮಾತು ಹೇಳಿದ್ರು ನೋಡಿ, ಇದನ್ನ ಯಾವತ್ತೂ ಉಜ್ಜಬೇಡ ಅಂತ. ನನ್ನ ಜನ್ಮದಲ್ಲಿ ಯಾರೂ ನಂಗೆ ಹಾಗಂದಿರಲಿಲ್ಲ. ಎಲ್ರೂ ಇನ್ನೂ ಸ್ವಲ್ಪ ಉಜ್ಜು ಅನ್ನೋರೇ."

ಅಂದಿನಿಂದ ವರ್ಷಕ್ಕೊಮ್ಮೆ ಸಭಾಂಗಣದ ದೊಡ್ಡ ತೂಗುದೀಪ ತೊಳೆದದ್ದಕ್ಕೆ ಸಿಗುವ ಹೆಚ್ಚುವರಿ ಕೂಲಿ ನೇರ ಮೂರನೇ ಮಹಡಿಗೆ. ಮಧ್ಯೆ ಕೆಲವು ವರ್ಷ ಬರಿಗೈ, ಆದರೂ ಇಂದಿಗೆ ಹದಿನೇಳು ನಾಣ್ಯಗಳಾಗಿವೆ. ಅವುಗಳಲ್ಲಿ ಹದಿನಾರನ್ನು ಇವರು ಕೊಂಡದ್ದು. ಒಂದನ್ನು, ಯಾವುದೋ ವೀಕ್ಷಣಾಲಯದ ನೆನಪಿಗೆ ಟಂಕಿಸಿದ ಕಡುನೀಲಿ ನಾಣ್ಯವನ್ನು, ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಹೆಂಡತಿ ತಂದುಕೊಟ್ಟರು. ಮಕ್ಕಳ ಪಾಲನಾ ಕೇಂದ್ರದ ಅಡುಗೆಮನೆಯಲ್ಲಿ ದುಡಿಯುವ ಆಕೆಗೆ ನಾಣ್ಯಗಳೆಂದರೆ ಅಷ್ಟಕ್ಕಷ್ಟೇ. "ನಿಮ್ಮ ಬಣ್ಣದ ಬಿಲ್ಲೆ" ಎಂದು ಗೇಲಿ ಮಾಡುತ್ತಲೇ, ಗಂಡನಿಗೆ ಹೇಳದೆ ನಾಣ್ಯದಮ್ಮನ ಅಂಗಡಿ ಹತ್ತಿಳಿದು ಆರಿಸಿದ್ದರು. ಒಂಬತ್ತು ವರ್ಷದಿಂದ ಹೊಳಪಣ್ಣನ ಪಾಲಿಗೆ ಅದರ ಮುಂದೆ ಉಳಿದ ಹದಿನಾರೂ ಲೆಕ್ಕಕ್ಕಿಲ್ಲ.

ಕಳೆದ ತಿಂಗಳು ಕಟ್ಟಡಕ್ಕೆ ನೂರು ವರ್ಷ ತುಂಬಿತು. ಒಳಾಂಗಣದ ಗಾಜಿನ ಪೆಟ್ಟಿಗೆಯಲ್ಲಿ ಏನಾದರೂ ಇಡಬೇಕೆಂದು ವ್ಯವಸ್ಥಾಪಕರು ಯೋಚಿಸುತ್ತಿದ್ದಾಗ, ಹೊಳಪಣ್ಣನ ನಾಣ್ಯಗಳನ್ನಿಡಿ ಎಂದು ನಾಣ್ಯದಮ್ಮ ಸೂಚಿಸಿದರು. ಮಂಡಿಯೂರಿದ ಇವರನ್ನು ದಿನಾ ನೋಡದೆ ದಾಟಿಕೊಂಡು ಹೋಗುವ ಜನ ಇವರದೊಂದು ವಸ್ತುವನ್ನು ನಿಂತು ನೋಡುವ ಯೋಗ ಬಂತು. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ. ಹೊಳಪಣ್ಣನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಪ್ರದರ್ಶನದ ಉದ್ಘಾಟನೆಯ ಹಿಂದಿನ ದಿನ ಮಧ್ಯಾಹ್ನ, ಪೆಟ್ಟಿಗೆಯ ಹಿತ್ತಾಳೆ ಚೌಕಟ್ಟನ್ನು ಉಜ್ಜಿ ಮುಗಿಸಿ, ಹತ್ತಿಯ ಕೈಗವಸು ತೊಟ್ಟು ಒಂದೊಂದೇ ನಾಣ್ಯ ಜೋಡಿಸಿದರು. ಚಿಲಕ ಹಾಕಲೆಂದು ಬಲಗೈಯ ಗವಸು ತೆಗೆದಾಗ ನಡುವಿನ ನೀಲಿ ನಾಣ್ಯ ಕೊಂಚ ವಾರೆಯಾದಂತೆ ಕಂಡಿತು. ಅಂಚು ಹಿಡಿದು ಎತ್ತಿದರು. ನಲವತ್ತು ವರ್ಷದಿಂದ ಪಳಗಿದ ಕೈ ಯಜಮಾನನನ್ನು ಒಂದು ಮಾತೂ ಕೇಳಲಿಲ್ಲ. ಬಾಯಿ ಉಸಿರು ಊದಿತು, ಪಾಲಿಶಿನ ಜಿಡ್ಡು ಮೆತ್ತಿದ ಹೆಬ್ಬೆರಳು ನೀಲಿಯ ಮೇಲೆ ಉದ್ದಕ್ಕೂ ಜಾರಿತು.

"ನೋಡಿದ್ರೆ ಅಡ್ಡಕ್ಕೆ ಒಂದು ಕಂದು ಪಟ್ಟೆ! ಪೊರೆ ಕಿತ್ತೇ ಹೋಯ್ತು ಅಂದ್ಕೊಂಡೆ. ಬೇರೆ ಯಾವುದಾದ್ರೂ ಆಗಿದ್ರೆ ಹೋಗ್ಲಿ ಅನ್ನಬಹುದಿತ್ತು. ಅವಳು ಕೊಟ್ಟಿದ್ದು."

ನಾಣ್ಯದಮ್ಮ ಅಂದು ಅಂಗಡಿ ತೆರೆದಿರಲಿಲ್ಲ. ಹೊಳಪಣ್ಣ ನಾಣ್ಯವನ್ನು ಡಬ್ಬಿಗೆ ಹಾಕಿ ಜೇಬಿನಲ್ಲಿಟ್ಟುಕೊಂಡು ಮನೆಗೆ ನಡೆದರು. ಊಟಕ್ಕೆ ಕೂತು ತಟ್ಟೆಯ ಅನ್ನವನ್ನು ಸುಮ್ಮನೆ ಕಲಸುತ್ತಲೇ ಇದ್ದರು. ಹೆಂಡತಿ ಎರಡು ಸಲ ಕೇಳಿ, ಮೂರನೇ ಸಲ ಗದರಿದ ಮೇಲೆ, ಮುಖ ಸಣ್ಣಗೆ ಮಾಡಿಕೊಂಡು ಡಬ್ಬಿ ತೆರೆದು ಮೇಜಿನ ಮೇಲಿಟ್ಟರು.

ಆಕೆ ನಾಣ್ಯವನ್ನು ನೋಡಿದರು, ಗಂಡನ ಮುಖವನ್ನೂ ನೋಡಿದರು. "ಅಯ್ಯೋ, ಇಷ್ಟೇನಾ? ನಾನು ಯಾರಿಗೆ ಏನಾಯ್ತೋ ಅಂತ ಹೆದರಿಬಿಟ್ಟಿದ್ದೆ!" ಎನ್ನುತ್ತಾ ನಾಣ್ಯವನ್ನೆತ್ತಿಕೊಂಡು ನೇರ ಪಾತ್ರೆ ತೊಳೆಯುವ ತೊಟ್ಟಿಯ ಕಡೆ ನಡೆದರು. ಹೊಳಪಣ್ಣ ಕುರ್ಚಿ ಬೀಳಿಸಿಕೊಂಡು ಹಿಂದೆ ಓಡುವಷ್ಟರಲ್ಲಿ ಪಾತ್ರೆ ಸೋಪಿನ ಒಂದು ಹನಿ, ಬೆಚ್ಚಗಿನ ನೀರು ಎಲ್ಲ ಆಗಿಹೋಗಿತ್ತು. ಆಕೆ ಉಜ್ಜಲಿಲ್ಲ. ನೊರೆಯಲ್ಲಿ ಅದ್ದಿ, ನೀರು ಬಿಟ್ಟು, ಮೆತ್ತನೆಯ ಬಟ್ಟೆಯ ಮೇಲೆ ಒತ್ತಿದರು. ಅಂಗೈಯಲ್ಲಿ ನಾಣ್ಯ ಮೊದಲಿನಂತೆಯೇ ಕಡುನೀಲಿಯಾಗಿ ಕೂತಿತ್ತು.

"ಹೋದ ಜೀವ ಬಂದಂಗಾಯ್ತು," ಎನ್ನುತ್ತಾರೆ ಹೊಳಪಣ್ಣ. ಪೊರೆಗೆ ಏನೂ ಆಗಿರಲಿಲ್ಲವಂತೆ. ಅದರ ಮೇಲೆ ಜಿಡ್ಡು ಕೂತರೆ ಬೆಳಕು ಬೇರೆ ರೀತಿ ಮರಳಿ ಬಣ್ಣ ಬದಲಾದಂತೆ ಕಾಣುತ್ತದೆ, ಜಿಡ್ಡು ಹೋದರೆ ಬಣ್ಣ ವಾಪಸ್ಸು ಎಂದು ನಾಣ್ಯದಮ್ಮ ಮರುದಿನ ಬಿಡಿಸಿ ಹೇಳಿದರು.

ಇದೆಲ್ಲ ಹೆಂಡತಿಗೆ ಗೊತ್ತಾದದ್ದು ಹೇಗೆ? ಆಕೆ ಸೆರಗಿನ ಮರೆಯಲ್ಲಿ ನಗುತ್ತಾರೆ. "ತಂದ ವಾರದಲ್ಲೇ ಎಣ್ಣೆ ಕೈಯಲ್ಲಿ ಹಿಡ್ಕೊಂಡು ಅರ್ಧ ನಾಣ್ಯ ಕಂದು ಮಾಡಿದ್ದೆ. ಇವರು ಬರೋ ಹೊತ್ತು, ನಂಗೆ ಕೈಕಾಲೇ ಆಡಲಿಲ್ಲ. ಏನಾದ್ರಾಗ್ಲಿ ಅಂತ ತಟ್ಟೆಗಳ ಜೊತೆ ತೊಳೆದುಬಿಟ್ಟೆ, ಸರಿಹೋಯ್ತು. ಇವರಿಗೆ ಹೇಳಿದ್ರೆ ಎದೆ ಒಡ್ಕೋತಾರೆ ಅಂತ ತುಟಿ ಪಿಟಕ್ ಅನ್ನಲಿಲ್ಲ." ಒಂಬತ್ತು ವರ್ಷದ ಗುಟ್ಟು ಸೋಪಿನ ನೊರೆಯ ಮುಂದೆ ಹೊರಬಿದ್ದಾಗ ಹೊಳಪಣ್ಣ ಮೊದಲು ಬಿದ್ದು ಬಿದ್ದು ನಕ್ಕರು, ಆಮೇಲೆ ಅಲ್ಲೇ ನಿಂತು ಅತ್ತರು. ಅತ್ತದ್ದನ್ನು ಅವರು ಮುಚ್ಚಿಡುವುದಿಲ್ಲ.

ನಾಣ್ಯಗಳು ಈಗ ಒಳಾಂಗಣದಲ್ಲಿವೆ. ಬೆಳಗಿನ ಗಂಟೆ ಇನ್ನೂ ಏಳಾಗಿಲ್ಲ. ಮುಂಬಾಗಿಲು ಮುಗಿಸಿದ ಹೊಳಪಣ್ಣ ಗಾಜಿನ ಪೆಟ್ಟಿಗೆಯ ಮುಂದೆ ಕೂರುತ್ತಾರೆ. ಚೌಕಟ್ಟಿಗೆ ಬಟ್ಟೆ ಆಡುತ್ತದೆ, ಹೆಬ್ಬೆರಳು ಜಾರುತ್ತದೆ, ಪಾಸು. ಗಾಜಿನ ಮೇಲೆ, ಸರಿಯಾಗಿ ನೀಲಿ ನಾಣ್ಯದ ಎದುರಿಗೆ, ನಿನ್ನೆ ಬಗ್ಗಿ ನೋಡಿದವರ ಬೆರಳಚ್ಚುಗಳು ಒಂದರ ಮೇಲೊಂದು ಕೂತಿವೆ. ಹೊಳಪಣ್ಣ ಅಲ್ಲಿಗೆ ಬಟ್ಟೆ ಒಯ್ಯುತ್ತಾರೆ, ತಡೆಯುತ್ತಾರೆ, ಬಟ್ಟೆಯನ್ನು ಮಡಚಿ ಜೇಬಿಗಿಡುತ್ತಾರೆ.

"ಇರ್ಲಿ ಬಿಡಿ," ಎನ್ನುತ್ತಾರೆ. "ಅವಳು ಮಧ್ಯಾಹ್ನ ಬರ್ತೀನಿ ಅಂದಿದಾಳೆ. ಎಷ್ಟು ಜನ ನೋಡಿದಾರೆ ಅಂತ ಅವಳೂ ನೋಡ್ಲಿ."