ನಮಸ್ಕಾರ ಸ್ವಲ್ಪ ಉದ್ದವಾಯಿತು

ಗೆಳೆಯರೇ, ಇವತ್ತು ನಮಸ್ಕಾರ ಮಾಡಿಯೇ ಅಜ್ಜಿಯ ಕಣ್ಣಲ್ಲಿ ಅಪರಾಧಿಯಾದೆ!

ಪಾದದ ಡಾಕ್ಟರ್ ಆಗುವ ಕೋರ್ಸಿಗೆ ಈ ವಾರ ಅರ್ಜಿ ಹಾಕುತ್ತಿದ್ದೇನೆ. ಸಂದರ್ಶನದಲ್ಲಿ ಬಾಯಿ ಬಿಡಬೇಕಲ್ಲ, ಅದಕ್ಕೆ ಮೊದಲು ನಿಜವಾದ ಪಾದಗಳನ್ನು ಹತ್ತಿರದಿಂದ ನೋಡೋಣ ಎನ್ನಿಸಿತು. ಆದರೆ ಕೊಟ್ಟೂರಿನ ನಮ್ಮ ಮನೆಯಲ್ಲಿ "ಕಾಲು ತೋರಿಸಿ" ಎಂದರೆ ಯಾವ ಹಿರಿಯರು ತೋರಿಸುತ್ತಾರೆ? ನಮಸ್ಕಾರಕ್ಕೆ ಬಗ್ಗಿದರೆ ಮಾತ್ರ ತಾವಾಗಿಯೇ ಮುಂದಿಡುತ್ತಾರೆ.

ಸರಿ, ಬೆಳಿಗ್ಗೆ ಅಜ್ಜಿಯ ಕಾಲಿಗೆ ಬಿದ್ದೆ. "ಲಗೂನ ಮದುವಿ ಆಗ್ಲಿ" ಎಂದು ಹರಸಿದಳು. ನಾನು ಏಳಲಿಲ್ಲ. ಹಿಮ್ಮಡಿಯ ಬಿರುಕು ನೋಡಿದೆ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ.

ಅಜ್ಜಿ ತಟ್ಟನೆ ಕಾಲು ಹಿಂದಕ್ಕೆಳೆದುಕೊಂಡಳು. "ಇಷ್ಟೊತ್ತು ಕಾಲು ಹಿಡಕೊಂಡಿ ಅಂದ್ರ ಏನೋ ತಪ್ಪು ಮಾಡೀ ಲೇ! ಯಾರನ್ನರ ಮದುವಿ ಆಗಿ ಬಂದೀಯೇನು?"

ಅಮ್ಮ ರೊಟ್ಟಿ ಹಿಟ್ಟಿನ ಕೈಯಲ್ಲೇ ಓಡಿಬಂದಳು. ನಗು ತಡೆಯಲಾಗದೆ ಇಬ್ಬರಿಗೂ ವಿಷಯ ಹೇಳಿದೆ.

"ಅಯ್ಯ, ಓದಾಕ ಹೊಂಟೀಯೇನು? ಹಂಗಾದ್ರ ಆ ಆಶೀರ್ವಾದ ಬಿಡು, ಇನ್ನೊಮ್ಮಿ ಬೀಳು" ಎಂದ ಅಜ್ಜಿ ಇನ್ನೊಂದು ಕಾಲು ಮುಂದಿಟ್ಟಳು. "ಈ ಕಾಲು ಬಾಳ ನೋಯ್ತೈತಿ."

ಕಾಲೇಜಿನವರು ಇನ್ನೂ ಸೀಟು ಕೊಟ್ಟಿಲ್ಲ. ಅಜ್ಜಿ ಆಗಲೇ ಕಾಲು ಕೊಟ್ಟಾಯಿತು.