ಎಡಮಗ್ಗುಲೋ, ಬಲಮಗ್ಗುಲೋ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪ್ರಾಣಿ ಆಸ್ಪತ್ರೆಯ ಹಿಂದಿನ ಬಯಲಿನಲ್ಲಿ ಹಾರೆ ಕಲ್ಲಿಗೆ ತಾಗಿ ಠಣ್ಣೆನ್ನುತ್ತದೆ. ಸೊಂಟದಾಳದ ಗುಂಡಿಯಲ್ಲಿ ನಿಂತಿರುವ ಐವತ್ತೆರಡರ ಹೆಂಗಸು ಬೆವರು ಒರೆಸಿಕೊಂಡು ಮತ್ತೆ ಹಾರೆ ಎತ್ತುತ್ತಾರೆ. ಆಸ್ಪತ್ರೆಯವರ ಬಾಯಲ್ಲಿ ಇವರು ಹಾರೆಯಕ್ಕ. ಹನ್ನೆರಡು ವರ್ಷಗಳಿಂದ ಜನರ ಮನೆಯ ನಾಯಿಗಳಿಗೆ ಗುಂಡಿ ತೋಡುತ್ತಿದ್ದಾರೆ. ಇಂದು ತೋಡುತ್ತಿರುವುದು ತಮ್ಮದೇ ನಾಯಿಗೆ.

ಹದಿನಾಲ್ಕು ವರ್ಷ ಮನೆಯಲ್ಲಿದ್ದ ಸಾಹುಕಾರ ನಿನ್ನೆ ಮಧ್ಯಾಹ್ನ ತೀರಿಕೊಂಡ. "ಹೊಸ್ತಿಲಿಗೆ ಅಡ್ಡ ಬಿದ್ಕೊಂಡ್ರೆ ನಾವೇ ದಾಟ್ಕೊಂಡು ಓಡಾಡ್ಬೇಕಿತ್ತು. ಕೆಲಸ ಇಲ್ಲ, ಕಾರ್ಯ ಇಲ್ಲ. ಇನ್ನೇನು ಹೆಸರಿಡೋದು?" ಎಂದು ನಗುತ್ತಾರೆ. ನಗು ಅರ್ಧಕ್ಕೇ ನಿಲ್ಲುತ್ತದೆ. ಹಳೆಯ ಹೊದಿಕೆಯಲ್ಲಿ ಸುತ್ತಿದ ಅವನು ಪಕ್ಕದ ತಳ್ಳುಗಾಡಿಯ ಮೇಲಿದ್ದಾನೆ.

"ಇವತ್ತೊಂದಿನ ಬಿಡಕ್ಕ, ನಾನು ತೋಡ್ತೀನಿ" ಎಂದು ಕಾವಲುಗಾರ ಎರಡು ಸಲ ಕೇಳಿಯಾಯಿತು.

"ನೀನು ಎರಡಡಿ ತೋಡಿ ಕಲ್ಲು ಸಿಕ್ತು ಅಂತ ಕೈಚೆಲ್ಲಿ ಕೂರ್ತೀಯ. ಬೀದಿನಾಯಿ ಕೆದಕಬಾರದು ಅಂದ್ರೆ ನಾಲ್ಕಡಿ ಬೇಕು. ಊರವರ ನಾಯಿಗೆ ನಾಲ್ಕಡಿ, ನನ್ನ ನಾಯಿಗೆ ಎರಡಡಿನಾ?"

ತೀರಿಕೊಂಡ ನಾಯಿಯೊಂದಿಗೆ ದಿನದ ಮೊದಲ ಮನೆಯವರು ಎಂಟು ಗಂಟೆಗೆ ಬರುತ್ತಾರೆ. ಅಷ್ಟರೊಳಗೆ ತಮ್ಮ ಕೆಲಸ ಮುಗಿಯಬೇಕು, ಅದರಲ್ಲಿ ಒಂದಿಂಚೂ ಕಡಿಮೆಯಾಗಬಾರದು ಎಂಬುದು ಅವರ ಹಟ.

ಮೊದಲು ಇವರು ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಮೇಸ್ತ್ರಿ ಕೈಬಿಟ್ಟಾಗ ಸಿಕ್ಕಿದ್ದು ಇದು. ನಾಯಿ ಹೂಳೋಳು ಎಂದು ನೆಂಟರು ಮೂಗು ಮುರಿದರು. ಮಳೆಗಾಲದಲ್ಲಿ ಗುಂಡಿ ಕುಸಿಯುತ್ತದೆ, ಬೇಸಿಗೆಯಲ್ಲಿ ನೆಲ ಹಾರೆಯನ್ನೇ ಒದೆಯುತ್ತದೆ. ದಿನಕ್ಕೆ ಎರಡು ಗುಂಡಿ, ಕೆಲವೊಮ್ಮೆ ನಾಲ್ಕು. ಏಳು ಸಾವಿರ ದಾಟಿರಬಹುದು ಎನ್ನುತ್ತಾರೆ ವೈದ್ಯರು. "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರಲ್ಲ, ನನ್ನ ಕೈ ಒಂದು ದಿನಾನೂ ಒಣಗಿಲ್ಲ. ಮೊಸರಿಗೂ ಅಂಥಾ ಬರ ಬಂದಿಲ್ಲ" ಎನ್ನುತ್ತಾರೆ ಅಕ್ಕ.

ಗುಂಡಿಗೆ ಇಳಿಸುವ ಮುನ್ನ ಅವರು ಪ್ರತಿ ಮನೆಯವರನ್ನೂ ಒಂದು ಮಾತು ಕೇಳುತ್ತಾರೆ: "ಯಾವ ಮಗ್ಗುಲಿಗೆ ಮಲಗ್ತಿತ್ತು?" ಇದನ್ನು ಅವರಿಗೆ ಕಲಿಸಿದ್ದು ಒಮ್ಮೆ ಅವರೇ ಮಾಡಿದ ತಪ್ಪು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ನಾಯಿಯನ್ನು ಹೇಗೋ ಮಲಗಿಸಿ ಮಣ್ಣು ಎಳೆಯತೊಡಗಿದ್ದರು. ಅದರ ಯಜಮಾನರಾದ ನಿವೃತ್ತ ಮೇಷ್ಟ್ರು, "ನಿಲ್ಲಮ್ಮಾ, ಅವಳು ಹಾಗೆ ಮಲಗಲ್ಲ" ಎಂದವರೇ, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಗುಂಡಿಗಿಳಿದು ಅದರ ಮಗ್ಗುಲು ಬದಲಿಸಿದರು. ಅಂದಿನಿಂದ ಕೇಳದೆ ಒಂದು ಹಿಡಿ ಮಣ್ಣೂ ಹಾಕಿಲ್ಲ.

ಏಳೂಕಾಲಿಗೆ ನಾಲ್ಕಡಿ ಆಗುತ್ತದೆ. ಸಾಹುಕಾರನನ್ನು ಎತ್ತಿಕೊಡುತ್ತ ಕಾವಲುಗಾರ ರೂಢಿಯಂತೆ ಕೇಳುತ್ತಾನೆ: "ಇವನು ಯಾವ ಮಗ್ಗುಲಕ್ಕ?"

ಅಕ್ಕ ಹೊದಿಕೆಯ ಅಂಚು ಸರಿಸಿ ಅವನ ಮುಖ ನೋಡುತ್ತಾರೆ. ದೀಪದ ಬುಡದಲ್ಲೇ ಕತ್ತಲೆ. ಕತ್ತಲಿರುವಾಗಲೇ ಮನೆ ಬಿಡುವ ಅವರಿಗೆ ಅವನು ಬಾಲ ಆಡಿಸುತ್ತ ಕಳಿಸಿಕೊಟ್ಟದ್ದು ಗೊತ್ತು, ಸಂಜೆ ಗೇಟಿನಲ್ಲಿ ಕಾದದ್ದು ಗೊತ್ತು. ನಿದ್ದೆ ಹತ್ತಿದಾಗ ಯಾವ ಮಗ್ಗುಲಿಗೆ ಮಲಗುತ್ತಿದ್ದ?

"ಹೇಗೋ ಮಲಗಿಸಕ್ಕ. ಈಗ ಯಾರು ಕೇಳ್ತಾರೆ?"

"ನಾನು ಕೇಳ್ತೀನಿ" ಎಂದು ಅಕ್ಕ ಗುಂಡಿಯಿಂದ ಮೇಲೆ ಬಂದು ಮನೆಗೆ ಫೋನ್ ಹಚ್ಚುತ್ತಾರೆ. ಅತ್ತೆಗೆ ಕಿವಿ ಮಂದ. ಒಂದು ಸಲ, ಎರಡು ಸಲ, ಮೂರು ಸಲ ಗಂಟೆ ಬಾರಿಸಿ ನಿಲ್ಲುತ್ತದೆ. ನಾಲ್ಕನೆಯದಕ್ಕೆ ಎತ್ತುತ್ತಾರೆ.

"ಎಡಮಗ್ಗುಲು ಕಣೇ. ನನ್ನ ಮಂಚದ ಕೆಳಗೆ, ಮೂತಿ ಬಾಗಿಲ ಕಡೆಗೆ. ನೀನು ಉಂಡು ಬಿದ್ಕೊಂಡ್ರೆ ಕೊರಡು, ನಿನಗೆಲ್ಲಿ ಕಾಣ್ಬೇಕು? ನಿನ್ನ ಚಪ್ಪಲಿ ಸದ್ದು ಬೀದಿ ಕೊನೇಲಿ ಕೇಳಿದ್ರೆ ಸಾಕು, ಎದ್ದು ಓಡೋನು." ಈ ನಾಯಿ ಮನೆಗೆ ಬಂದ ದಿನ "ಅದಿರಬೇಕು, ಇಲ್ಲ ನಾನಿರಬೇಕು" ಎಂದು ಕೂಗಾಡಿದ್ದವರು ಇದೇ ಅತ್ತೆ. ಈಗ ಅವರ ದನಿ ಒಡೆಯುತ್ತದೆ.

ಹಾರೆಯಕ್ಕನಿಗೆ ಅಳು ಒತ್ತರಿಸಿ ಬರುತ್ತದೆ. ಅಳುತ್ತಲೇ ಗುಂಡಿಗಿಳಿಯುತ್ತಾರೆ. ಅವನನ್ನು ಎಡಮಗ್ಗುಲಿಗೆ ಮಲಗಿಸಿ, ಮೂತಿಯನ್ನು ಮನೆಯ ದಿಕ್ಕಿಗೆ ತಿರುಗಿಸಿ, ಕಿವಿ ಮಡಚಿಕೊಂಡಿದ್ದನ್ನು ಸರಿಪಡಿಸುತ್ತಾರೆ. ಮಣ್ಣು ಮುಚ್ಚಿ ಕಾಲಿನಿಂದ ಒತ್ತಿ ಮುಗಿಸುವಾಗ ಎಂಟಕ್ಕೆ ಹತ್ತು ನಿಮಿಷವಿದೆ. ಮೊದಲ ಮನೆಯವರ ಕಾರು ಗೇಟಿನಲ್ಲಿ ನಿಂತಿದೆ.

ಕೈ ತೊಳೆಯಬೇಕೆಂದರೆ ಆಸ್ಪತ್ರೆಯನ್ನು ಸುತ್ತಿಕೊಂಡು ಮುಂಬಾಗಿಲ ನಲ್ಲಿಯವರೆಗೆ ಹೋಗಬೇಕು. ಮಣ್ಣಾದ ಕೈ, ಊದಿದ ಕಣ್ಣಿನಲ್ಲೇ ಅಕ್ಕ, ಕಾಯುತ್ತ ನಿಂತವರ ನಡುವೆ ಹಾದು ಹೋಗಿ ಬರುತ್ತಾರೆ. ನಿಮಗೇನು ಬೇಕು ಎಂದು ಕೇಳಿದರೆ ಸಂಬಳದ ಮಾತೆತ್ತುವುದಿಲ್ಲ.

"ಇಲ್ಲೊಂದು ನಲ್ಲಿ ಬೇಕು. ಜನ ಅತ್ತಿರ್ತಾರೆ, ಮಣ್ಣು ಹಾಕಿರ್ತಾರೆ. ಅದೇ ಮುಖದಲ್ಲಿ ಬಸ್ ಹತ್ಬೇಕು. ಆಸ್ಪತ್ರೆಯವರನ್ನ ಮೂರು ಸಲ ಕೇಳಿದ್ದೀನಿ, ನೋಡೋಣ ಅಂದ್ರು. ಅವಾಗೆಲ್ಲ ಬೇರೆಯವರಿಗೆ ಅಂತ ಕೇಳಿದ್ದೆ. ಇವತ್ತು ನನಗೂ ಬೇಕಾಯ್ತಲ್ಲ, ಇನ್ನು ಬಿಡ್ತೀನಾ?"