ಸೊಪ್ಪು ತಿನ್ನುವ ಮೀನು

ಬನ್ನಿಮಂಟಪದ ನಮ್ಮ ಬೀದಿಯಲ್ಲಿ ನನ್ನ ಕೈಯಲ್ಲಿ ಬೇಸ್ತು ಬೀಳದವರು ಯಾರೂ ಇಲ್ಲ. ಕೆಲಸದಲ್ಲಿದ್ದಾಗ ಮೇಲಧಿಕಾರಿಯ ಕನ್ನಡಕ ಬದಲಿಸಿಟ್ಟು, ಅವರು ಕಣ್ಣಿನ ಡಾಕ್ಟರ ಹತ್ತಿರ ಓಡುವಂತೆ ಮಾಡಿದ ಗಂಡಸು ನಾನು. ಅಂಥವನನ್ನು ಬೆರಳುದ್ದದ ಮೀನೊಂದು ಕೂತಲ್ಲಿ ಕೂರಲು ಬಿಡಲಿಲ್ಲ.

ಹೆಂಡತಿಗೆ ಮಂಡಿ ಆಪರೇಷನ್ ಆಗಿತ್ತು. ಸ್ವಲ್ಪ ಹೊತ್ತು ವಾಕರ್ ಹಿಡಿದು ನಡೆಯಬೇಕು, ಉಳಿದಂತೆ ಕಾಲು ಚಾಚಿ ಕೂರಬೇಕು ಎಂದಿದ್ದರು ಡಾಕ್ಟರು. ಅವಳೋ ಪಕ್ಕದ ಮನೆಯ ಕುಕ್ಕರ್ ಕೂಗಿದರೂ ಎದ್ದು ಹೊರಡುವವಳು. ಒಮ್ಮೆ ಅಡುಗೆಮನೆ ಹೊಸ್ತಿಲಲ್ಲಿ ಮುಗ್ಗರಿಸಿ ಗೋಡೆ ಹಿಡಿದುಕೊಂಡಳು. ಬಿದ್ದಿದ್ದರೆ ಮತ್ತೆ ಆಸ್ಪತ್ರೆಯೇ. ಅವಳನ್ನು ಕುರ್ಚಿಗೆ ಅಂಟಿಸಲು ನನಗೆ ಹೊಳೆದ ಉಪಾಯವೆಂದರೆ ಎದುರಿಗೊಂದು ಮೀನಿನ ತೊಟ್ಟಿ.

"ಲಿಂಗ ಕಟ್ಟಿದ ಮನೆ ಇದು. ಮಾಂಸ ತಿನ್ನೋ ಮೀನು ತಂದ್ರೆ ತೊಟ್ಟಿ ಜೊತೆ ನಿಮ್ಮನ್ನೂ ಆಚೆ ಹಾಕ್ತೀನಿ," ಎಂದಳು.

"ಸೊಪ್ಪು ತಿನ್ನೋದೇ ತರ್ತೀನಿ ಬುಡು," ಎಂದೆ.

ದೇವರಾಜ ಮೊಹಲ್ಲಾದ ಗಲ್ಲಿಯೊಂದರಲ್ಲಿ ಬಣ್ಣದ ಮೀನು ಮಾರುವವನನ್ನು ಗೋಲ್ಡ್ ಫಿಶ್ ಕೇಳಿದೆ.

"ಎರಡಡಿ ತೊಟ್ಟಿಗೆ ಆಗಲ್ಲ ಯಜಮಾನ್ರೇ. ದೊಡ್ಡದಾಗ್ತವೆ, ನೀರೂ ಗಲೀಜು ಮಾಡ್ತವೆ."

"ಆ ಜಾಲರಿ ಬಾಲದ್ದು?"

"ಫೈಟರು. ಹುಳ ಗಿಳ ತಿನ್ನೋದು ಅದು."

ಕೊನೆಗೆ ಕರೀ ಮೋಲಿ ಎಂಬ ಬೆರಳುದ್ದದ ಮೀನು ತೋರಿಸಿದ. "ಇವು ಪಾಚಿ ತಿಂತವೆ, ಬೇಯಿಸಿದ ಪಾಲಕ್ಕೂ ತಿಂತವೆ. ಒಂದು ಗಂಡಿಗೆ ಎರಡು ಹೆಣ್ಣು ತಗೊಳ್ಳಿ, ಇಲ್ದಿದ್ರೆ ಒಂದೇ ಹೆಣ್ಣನ್ನ ಅಟ್ಟಾಡಿಸ್ತದೆ. ಇನ್ನೊಂದು ವಿಷ್ಯ, ಮರಿ ಹಾಕಿದ್ರೆ ಸಿಕ್ಕಿದ್ದನ್ನ ತಾವೇ ನುಂಗಿಬುಡ್ತವೆ."

ಮೂರು ಮೀನು ಕೊಂಡು, ಆ ಕೊನೆಯ ಮಾತನ್ನು ಅಂಗಡಿಯಲ್ಲೇ ಬಿಟ್ಟು ಮನೆಗೆ ಬಂದೆ.

"ಶುದ್ಧ ಸಸ್ಯಾಹಾರಿ ಕಣೇ. ವಿಭೂತಿ ಬಳಿದ್ರೆ ನಮ್ಮೋರೇ!"

ಮದುವೆಯಾದಾಗಿನಿಂದ ನನ್ನ ಮಾತು ನಂಬದವಳು ಇದನ್ನು ನಂಬಿಬಿಟ್ಟಳು. ದಿನವಿಡೀ ತೊಟ್ಟಿಯ ಮುಂದೆ ಕೂತು ಪಾಲಕ್ ಚೂರು ಹಾಕುವುದು, ಕಿಟಕಿಯಿಂದ ಪಕ್ಕದ ಮನೆಯವರಿಗೆ "ನಮ್ಮ ಮೀನು ಸೊಪ್ಪೇ ತಿನ್ನೋದು ಕಣ್ರೀ" ಎಂದು ಹೇಳುವುದು. ಕುಕ್ಕರ್ ಕೂಗಿದರೂ ಏಳುತ್ತಿರಲಿಲ್ಲ. ಗೆದ್ದೆ ಎಂದುಕೊಂಡೆ.

ಮೂರನೇ ವಾರ ಒಂದು ಹೆಣ್ಣಿನ ಹೊಟ್ಟೆ ಊದಿತು. ತಾಯಿ ಮರಿ ನುಂಗುವುದನ್ನು ಇವಳು ಕಂಡರೆ ತೊಟ್ಟಿ ಆಚೆ, ಇವಳು ಮತ್ತೆ ಅಡುಗೆಮನೆಗೆ. ಪೇಪರ್ ಓದುತ್ತಾ ಎದ್ದು ಬಂದು ಇಣುಕಿದೆ. ತಟ್ಟೆಗೆ ಕೈಯಿಟ್ಟವನು ಮತ್ತೆ ಎದ್ದೆ. ಸ್ನಾನಕ್ಕೆ ಹೋದವನು ಒದ್ದೆ ಟವಲ್ಲಿನಲ್ಲೇ ಬಂದು ನೋಡಿದೆ.

"ಏನ್ರೀ, ಕಾಲಿಗೆ ಚಕ್ರ ಕಟ್ಕೊಂಡಿದ್ದೀರಾ? ಆಪರೇಷನ್ ಆಗಿರೋದು ನನಗೆ, ಓಡಾಡೋದು ನೀವು."

ಮಾರನೇ ಬೆಳಗ್ಗೆ ಮೀನಿನ ಹೊಟ್ಟೆ ಚೌಕಾಕಾರವಾಗಿತ್ತು. ಫೋನ್ ಮಾಡಿದರೆ, "ಇವತ್ತೋ ನಾಳೆಯೋ. ಮರಿಗಳನ್ನ ತಾಯಿಯಿಂದ ಬೇರೆ ಇಡೋ ಬಲೆಡಬ್ಬ ತಗೊಂಡೋಗಿ," ಎಂದ ಅಂಗಡಿಯವನು. ಹಾಲು ತರುತ್ತೇನೆಂದು ಸುಳ್ಳು ಹೇಳಿ ಹೊರಟೆ. ಬಸ್ಸಿನಲ್ಲಿ ಸೀಟಿದ್ದರೂ ಬಾಗಿಲಲ್ಲೇ ನಿಂತಿದ್ದೆ.

ವಾಪಸು ಬಂದಾಗ ಕುರ್ಚಿ ಖಾಲಿ. ಅವಳು ಒಂದು ಕೈಯಲ್ಲಿ ವಾಕರ್, ಇನ್ನೊಂದರಲ್ಲಿ ಟೀ ಸೋಸುವ ಜರಡಿ ಹಿಡಿದು ತೊಟ್ಟಿಯ ಮೇಲೆ ಬಾಗಿದ್ದಳು. ಪಕ್ಕದ ಸ್ಟೀಲ್ ಬಟ್ಟಲಿನಲ್ಲಿ ಎಳ್ಳಿನಷ್ಟು ದಪ್ಪದ ಮರಿಗಳು.

"ಬೇಗ ಬನ್ರೀ! ಮೂರು ನುಂಗಿಬುಟ್ಲು!"

ಭಾರವೆಲ್ಲ ಆಪರೇಷನ್ ಆದ ಕಾಲಿನ ಮೇಲಿತ್ತು. ಜರಡಿ ಕಿತ್ತುಕೊಂಡು ಅವಳನ್ನು ಕೂರಿಸಿದೆ. ಜೀವಮಾನದಲ್ಲಿ ಮೊದಲ ಬಾರಿಗೆ ನನ್ನ ಕುಚೇಷ್ಟೆಯನ್ನು ನಾನೇ ಒಪ್ಪಿಕೊಂಡೆ.

"ಅದರ ಹುಟ್ಟುಗುಣಾನೇ ಅದು ಕಣೇ. ಅಂಗಡಿಯವನು ಅವತ್ತೇ ಹೇಳಿದ್ದ. ನಾನೇ ಮುಚ್ಚಿಟ್ಟೆ."

"ಸಾಕು ಸುಮ್ನಿರಿ. ಸೊಪ್ಪು ತಿನ್ನೋ ಮೀನು ಮರಿ ಯಾಕೆ ತಿನ್ನುತ್ತೆ? ನಿನ್ನೆ ಪಾಲಕ್ ಬೇಯಿಸೋಕೆ ಸೋಮಾರಿತನ ಮಾಡಿದ್ರಲ್ಲ, ಅದಕ್ಕೇ. ಪಾಪ, ಬಾಣಂತಿ ಹಸಿದವ್ಳೆ. ಈಗ ತಪ್ಪು ಮುಚ್ಚೋಕೆ ಕತೆ ಕಟ್ತೀರಾ?"

"ದೇವರಾಣೆ ನಿಜ ಕಣೇ!"

"ನಿಮ್ಮ ಆಣೆ ನಂಗೊತ್ತಿಲ್ವಾ? ಹೋಗಿ, ಸೊಪ್ಪು ಬೇಯಿಸಿ."

ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಅವಳು ಮರಿ ಎಣಿಸತೊಡಗಿದಳು. ನಾನು ಪಾಲಕ್ ಬೇಯಲಿಟ್ಟೆ. ಪಕ್ಕದ ಮನೆಯ ಕುಕ್ಕರ್ ಕೂಗಿತು. ಓಡಿ ಬಂದು ಇಣುಕಿದೆ.

ಅವಳು ಎದ್ದಿರಲಿಲ್ಲ. "ಶ್, ಎಣಿಕೆ ತಪ್ಪುತ್ತೆ," ಎಂದಳು.